ಅಣ್ಣನ ರೈಫಲ್ ನಿಮ್ಮ ಬೀರುವಿನಲ್ಲಿರಲಿ, ಶೆರಿಫರೇ

ಮಾನ್ಯ ಶೆರಿಫರೇ,

ನನ್ನ ಅಣ್ಣನ ಕೈಗೆ ಅವನ ರೈಫಲ್ ವಾಪಸ್ ಬಂದಿದೆ. ಕೌಂಟಿಯ ಪೊಲೀಸ್ ಮುಖ್ಯಸ್ಥರು ನೀವೇ, ಅದನ್ನು ಸ್ವಲ್ಪ ಕಾಲ ನಿಮ್ಮಲ್ಲಿ ಇಟ್ಟುಕೊಳ್ಳಿ ಎಂದು ನಿಮ್ಮ ಕಚೇರಿಗೆ ಬಂದು ಬೇಡಿಕೊಂಡೆ. ನಿಮ್ಮವರು, ಬಂದೂಕು ಇಟ್ಟುಕೊಳ್ಳುವುದು ಅವನ ಹಕ್ಕು ಎಂದು ನನಗೆ ಸಂವಿಧಾನದ ಪಾಠ ಹೇಳಿ ಕಳಿಸಿದರು. ಈ ಶನಿವಾರ ಜಿಂಕೆ ಬೇಟೆ ಶುರು. ನನಗೆ ತುಂಬಾ ಭಯವಾಗುತ್ತಿದೆ. ಅದಕ್ಕೇ ನಮ್ಮ ಕಾರ್ ರೇಸ್ ಅಭಿಮಾನಿಗಳ ಆನ್‌ಲೈನ್ ಗ್ರೂಪಿನಲ್ಲಿ, ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ನೀವೂ ಈ ಗ್ರೂಪಿನಲ್ಲಿದ್ದೀರಿ, ನೋಡಲಿಲ್ಲ ಅನ್ನುವಂತಿಲ್ಲ.

ಕೆಳಗೆ ಕಾಮೆಂಟಿನಲ್ಲಿ ಬಂದು 'ಬಂದೂಕು ಕಿತ್ತುಕೊಳ್ಳುವವಳು ಬಂದಳು' ಎಂದು ಕೂಗಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹನ್ನೆರಡನೇ ವಯಸ್ಸಿಗೇ ಮೊದಲ ಜಿಂಕೆ ಹೊಡೆದವಳು. ಉಸಿರು ಹಿಡಿ, ಆಮೇಲೆ ಒತ್ತು ಎಂದು ಪಕ್ಕದಲ್ಲಿ ನಿಂತು ಕಲಿಸಿದವನು ಇದೇ ಅಣ್ಣ. ನಮ್ಮ ಫ್ರೀಜರ್ ತುಂಬಾ ಜಿಂಕೆ ಮಾಂಸವೇ ಇದೆ. ಆ ಹಕ್ಕು ನನಗೂ ಬೇಕು. ಆದರೆ ಅಣ್ಣನೂ ಬೇಕು.

ಅಣ್ಣ ಲೈಲ್ ನಿಮಗೆ ಗೊತ್ತು. ನಮ್ಮ ಮಣ್ಣಿನ ಟ್ರ್ಯಾಕಿನ ಹದಿನೇಳನೇ ನಂಬರಿನ ಕಾರು ಓಡಿಸುವವನು. ಕಳೆದ ವರ್ಷ ಅವನು ಗೆದ್ದಾಗ ಸಮವಸ್ತ್ರಕ್ಕೆ ಕೆಸರು ಮೆತ್ತಿದರೂ ಲೆಕ್ಕಿಸದೆ ಅವನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿರಿ. ಈ ಬೇಸಿಗೆಯಲ್ಲಿ ಅದೇ ಕಾರು ಪಲ್ಟಿಯಾಯಿತು. ಮುರಿದ ಭುಜ ಸರಿಹೋಯಿತು, ಅವನು ಸರಿಹೋಗಲಿಲ್ಲ. ಗ್ಯಾರೇಜಿಗೆ ಹೋಗಿ, ಎಂಜಿನ್ ತೆಗೆದಿಟ್ಟ ಕಾರಿನೊಳಗೆ ಹೆಲ್ಮೆಟ್ ಹಾಕಿಕೊಂಡು ಕೂರುತ್ತಾನೆ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಒಂದು ದಿನ ಅಮ್ಮನಿಗೆ, "ನಾನಿಲ್ದಿದ್ರೆ ನಿಮಗೆಲ್ಲ ಹಗುರ ಆಗುತ್ತೆ ಬಿಡು" ಅಂದ.

ಆಮೇಲೆ ಅವನೇ ತನ್ನ ಬಂದೂಕುಗಳನ್ನೆಲ್ಲ ಪಿಕಪ್‌ಗೆ ಹಾಕಿಕೊಂಡು ಪಕ್ಕದ ರಸ್ತೆಯ ವೆರ್ನ್ ಮಾಮನ ಮನೆಗೆ ಹೋದ. "ಸ್ವಲ್ಪ ದಿನ ಇಟ್ಕೋ ಮಾಮ, ನಮ್ಮ ಬೀರು ಬೀಗ ಕೆಟ್ಟಿದೆ" ಅಂದನಂತೆ. ಬೀಗ ಕೆಟ್ಟಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಮ್ಮ ಕಡೆ ಇದು ಹೀಗೇ ನಡೆಯುತ್ತದೆ. ಕೊಡುವವನು ಏನೋ ಒಂದು ನೆಪ ಹೇಳುತ್ತಾನೆ, ಇಟ್ಟುಕೊಳ್ಳುವವನು ಅದನ್ನು ನಂಬಿದ ಹಾಗಿರುತ್ತಾನೆ. ಯಾವ ಕಾನೂನೂ ಇಲ್ಲದೆ ಹೀಗೆ ಎಷ್ಟು ಜನ ಉಳಿದಿದ್ದಾರೋ.

ಆದರೆ ಈ ಭಾನುವಾರ ನಾವು ಮನೆಯಲ್ಲಿ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದಾಗ ವೆರ್ನ್ ಮಾಮ ರೈಫಲ್ ಹಿಡಿದು ಒಳಗೆ ಬಂದರು.

"ತಗೋಳೋ, ಎಣ್ಣೆ ಹಾಕಿ ಒರೆಸಿದೀನಿ. ಶನಿವಾರ ಬೆಳಗ್ಗೆ ರೆಡಿಯಾಗಿರು."

"ಈ ಸಲ ಬೇಡ ಮಾಮ," ಅಂದ ಅಣ್ಣ.

"ಬೇಡ ಅಂದ್ರೆ? ಬೇಟೆ ಕ್ಯಾಂಪಲ್ಲಿ ಸೂಪ್ ಮಾಡ್ಕೊಂಡು ಕೂರ್ತೀಯಾ? ನಿನ್ನ ಸೂಪ್ ಕುಡಿದ್ರೆ ಜಿಂಕೆಗಿಂತ ಮೊದ್ಲು ನಾವೇ ಮಲಕ್ಕೋತೀವಿ!"

ಅಣ್ಣ ನಕ್ಕ. ಬೇಸಿಗೆಯಿಂದೀಚೆಗೆ ಅದೇ ಮೊದಲು. ನಗುತ್ತಲೇ ಕೈಚಾಚಿ ರೈಫಲ್ ತೆಗೆದುಕೊಂಡ.

ಮಾಮ ಹೊರಟಾಗ ಅವರ ಹಿಂದೆಯೇ ಅಂಗಳಕ್ಕೆ ಓಡಿದೆ. "ಯಾಕ್ ಕೊಟ್ರಿ ಮಾಮ?"

"ನವೆಂಬರ್ ಕಣಮ್ಮ. ಈ ತಿಂಗಳಲ್ಲಿ ಗಂಡಸಿನ ಬಂದೂಕು ಇನ್ನೊಬ್ರ ಮನೇಲಿದ್ರೆ ಊರೆಲ್ಲ ಆಡ್ಕೊಳ್ಳಲ್ವಾ? ಅವನ ಮರ್ಯಾದೆ ಏನಾಗ್ಬೇಕು?"

"ಅವನ್ಯಾಕೆ ಕೊಟ್ಟಿದ್ದ ಅಂತ ನಿಮಗೆ ಗೊತ್ತು ತಾನೇ?"

ಪಿಕಪ್ ಕೀಲಿ ತಿರುಗಿಸುತ್ತಾ ನಿಂತರು. "ಅವನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ವಾಪಸ್ ಇಟ್ಕೋ ಅಂತ ಅವನೇ ಹೇಳ್ಬೇಕಮ್ಮ."

ಪ್ರೀತಿಯಿಂದಲೇ ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗಾಜಿನ ಹಿಂದಿದ್ದ ಅಧಿಕಾರಿ ಸೌಮ್ಯವಾಗಿಯೇ ಮಾತಾಡಿದರು.

"ನೋಡಮ್ಮ, ಯಾರಿಗಾದ್ರೂ ಬೆದರಿಕೆ ಹಾಕಿದಾರಾ?"

"ಇಲ್ಲ. ನಾನಿಲ್ದಿದ್ರೆ ಹಗುರ ಅಂದ."

"ಬೇಜಾರಲ್ಲಿ ಎಲ್ರೂ ಅಂತಾರೆ. ಅಷ್ಟಕ್ಕೇ ಒಬ್ರ ಹಕ್ಕು ಮುಟ್ಟೋಕಾಗುತ್ತಾ? ಏನಾದ್ರೂ ಆದ್ರೆ ತಕ್ಷಣ ಫೋನ್ ಮಾಡಿ."

ಏನಾದರೂ ಆದರೆ! ಆದಮೇಲೆ ಫೋನ್ ಮಾಡಿ ಯಾರ ಹಕ್ಕಿನ ಬಗ್ಗೆ ವಿಚಾರಿಸಲಿ, ಶೆರಿಫರೇ?

ಎಲ್ಲೇ ಗುಂಡು ಹಾರಿ ಜನ ಸತ್ತರೂ ನೀವು ನಿಮ್ಮ ಪೇಜಿನಲ್ಲಿ ಬರೆಯುತ್ತೀರಿ: ಸಮಸ್ಯೆ ಬಂದೂಕಿನದಲ್ಲ, ಮನಸ್ಸಿನದು. ಭೇಷ್. ಹಾಗಾದರೆ ಆ ಮನಸ್ಸನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ನಮ್ಮ ಕೌಂಟಿಯಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಜನ ಸಿಗುತ್ತಾರೆ, ಮನಸ್ಸಿಗೆ ಸಿಗುವುದಿಲ್ಲ. ದೂರದ ಪಟ್ಟಣದ ಡಾಕ್ಟರು ಫೆಬ್ರವರಿಗೆ ಸಮಯ ಕೊಟ್ಟಿದ್ದಾರೆ. ಅದಕ್ಕೂ ಅಣ್ಣ ಒಪ್ಪುತ್ತಿಲ್ಲ.

"ಹೋದ್ರೆ ಹೆಸರು ಬರ್ಕೋತಾರೆ ಕಣೇ. ಆಮೇಲೆ ಜನ್ಮದಲ್ಲಿ ಬಂದೂಕು ಮುಟ್ಟೋಕೆ ಬಿಡಲ್ಲ. ಶೆರಿಫರೇ ಹೇಳಿದಾರಲ್ಲ!"

ಹೌದು, ನೀವೇ ಹೇಳಿದ್ದು. ಡಾಕ್ಟರ ಕೋಣೆಗೆ ಹೋದವನ ಬಂದೂಕಿನ ಮೇಲೆ ಸರ್ಕಾರ ಕಣ್ಣಿಡುತ್ತದೆ ಎಂದು ದೇಶದ ಲಾಂಛನವಾದ ಹದ್ದಿನ ಚಿತ್ರ ಹಾಕಿ ನಿಮ್ಮ ಪೇಜಿನಲ್ಲಿ ಬರೆದಿರಿ. ಊರೆಲ್ಲ ಅದಕ್ಕೆ ಮೆಚ್ಚುಗೆಯ ಹೃದಯದ ಚಿಹ್ನೆ ಒತ್ತಿತು. ನಾನೂ ಒತ್ತಿದೆ. ನೀವು ಕಾಪಾಡಿದ ಹಕ್ಕು ನನ್ನ ಅಣ್ಣನನ್ನು ಡಾಕ್ಟರ ಬಾಗಿಲಿನಿಂದ ದೂರ ನಿಲ್ಲಿಸಿದೆ. ಇದನ್ನೂ ನಿಮ್ಮ ಸಾಧನೆಗಳಲ್ಲಿ ಸೇರಿಸಿಕೊಳ್ಳಿ.

ಟ್ರ್ಯಾಕಿನ ನಿಯಮ ನೆನಪಿದೆಯೇ? ಕಾರು ಪಲ್ಟಿಯಾದರೆ, ಡ್ರೈವರ್ ಎಷ್ಟೇ 'ಚೆನ್ನಾಗಿದೀನಿ' ಅಂದರೂ, ಆಂಬ್ಯುಲೆನ್ಸಿನವರು ನೋಡುವ ತನಕ ಮತ್ತೆ ಟ್ರ್ಯಾಕಿಗೆ ಬಿಡುವುದಿಲ್ಲ. ಅಣ್ಣನ ಕಾರು ಪಲ್ಟಿಯಾದ ದಿನ ಬೇಲಿಯ ಪಕ್ಕದಲ್ಲಿ ನಿಂತು, "ಲೇ ಲೈಲ್, ಬಾಯಿ ಮುಚ್ಕೊಂಡು ಮೊದ್ಲು ಆಂಬ್ಯುಲೆನ್ಸ್ ಹತ್ತೋ!" ಎಂದು ಕೂಗಿದವರು ಯಾರು? ನೀವೇ ಅಲ್ಲವೇ? ಅವನು ಹತ್ತಿದ. ಆಗ ಅವನ ಯಾವ ಹಕ್ಕು ಸತ್ತುಹೋಯಿತು?

ಹೊಸ ಕಾನೂನು ಬೇಕೇ ಬೇಡವೇ ಎಂದು ದೊಡ್ಡವರು ರಾಜಧಾನಿಯಲ್ಲಿ ಕಚ್ಚಾಡಲಿ. ನನಗೆ ಶನಿವಾರದವರೆಗೆ ಮಾತ್ರ ಸಮಯವಿದೆ. ಅಷ್ಟರೊಳಗೆ ನಮ್ಮ ಮನೆಗೆ ಬನ್ನಿ. ಸಮವಸ್ತ್ರ ಬೇಡ. ಅಮ್ಮ ಕಾಫಿ ಮಾಡುತ್ತಾಳೆ. ಅಣ್ಣನ ಪಕ್ಕ ಕೂತು, ಅವತ್ತು ಕೂಗಿದ ಅದೇ ಗಂಟಲಿನಲ್ಲಿ ಹೇಳಿ: ರೈಫಲ್ ನನ್ನ ಬೀರುವಿನಲ್ಲಿರಲಿ, ನೀನು ಸರಿಹೋದ ಮೇಲೆ ನಾನೇ ತಂದುಕೊಡುತ್ತೇನೆ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ನಾನು ಹೇಳಿದರೆ ಹೆದರುಪುಕ್ಕಲಿ ಅನ್ನುತ್ತಾನೆ, ನೀವು ಹೇಳಿದರೆ ಕೇಳುತ್ತಾನೆ. ಆಮೇಲೆ ಅದನ್ನೇ ನಿಮ್ಮ ಪೇಜಿನಲ್ಲೂ ಬರೆಯಿರಿ, ಹದ್ದಿನ ಚಿತ್ರ ಹಾಕಿಯೇ ಬರೆಯಿರಿ. ಇನ್ನೂ ಎಷ್ಟು ಮನೆಗಳಲ್ಲಿ ಬೀಗ ಕೆಟ್ಟಿದೆಯೋ ಯಾರಿಗೆ ಗೊತ್ತು.

ಹೆಸರು ಹಾಕಿ ಬರೆದಿದ್ದಕ್ಕೆ ಅಣ್ಣ ಬೈಯುತ್ತಾನೆ. ಬೈಯಲಿ. ಬೈಯೋಕೆ ಅವನು ಇರಲಿ.

ಶನಿವಾರ ಬೆಳಕು ಹರಿಯುವಾಗ ಈ ಕೌಂಟಿಯ ಕಾಡಿನ ತುಂಬಾ ಗುಂಡಿನ ಸದ್ದು. ಯಾರೂ ತಲೆ ಎತ್ತಿ ನೋಡುವುದಿಲ್ಲ, ಹಬ್ಬವಲ್ಲವೇ. ಅದರಲ್ಲಿ ಯಾವುದು ಜಿಂಕೆಗೆ ಹಾರಿದ್ದು, ಯಾವುದು ಅಲ್ಲ ಎಂದು ನಾನು ಹೇಗೆ ತಿಳಿಯಲಿ, ಶೆರಿಫರೇ?

ಇಂತಿ,
ಪ್ರತಿ ಸದ್ದಿಗೂ ಬೆಚ್ಚಲಿರುವ,
ಹದಿನೇಳನೇ ನಂಬರಿನ ಕಾರಿನ ಮೊದಲ ಅಭಿಮಾನಿ,
ಮಾರ್ನಿ ಓಲ್‌ಸ್ಟಾಡ್
ಉತ್ತರ ವಿಸ್ಕಾನ್ಸಿನ್