ಹರಳೆಣ್ಣೆಯ ಪಾಲು

ಮನೆಯಿಂದ,
ಶನಿವಾರ ರಾತ್ರಿ

ಪ್ರೀತಿಯ ‘ರೀ’ ಅವರಿಗೆ,

ಎರಡು ಗಂಟೆಗೆ ಬಾಲ್ಕನಿಯಲ್ಲಿ ‘ಟಣ್’ ಎಂದಿತು. ಪುಟ್ಟ ಎದ್ದು ಅಂಬೆಗಾಲಿಟ್ಟು ಹೋಗಿ ಏನೋ ಬೀಳಿಸಿದನೆಂದು ಓಡಿದೆ. ಅವನು ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ, ಥೇಟ್ ನಿಮ್ಮಂತೆ. ಸದ್ದು ಮಾಡಿದ್ದು ಕಪಾಟಿನಲ್ಲಿಟ್ಟ ಮೆಥನಾಲ್ ಡಬ್ಬ; ಚಳಿಗೆ ತಗಡು ಒಳಕ್ಕೆ ಸೆಳೆದುಕೊಂಡಿತ್ತು. ಕಪಾಟಿನ ಬಾಗಿಲು ಭದ್ರವಾಗಿದೆಯೇ ಎಂದು ಎಳೆದೆಳೆದು ನೋಡಿ ಬಂದೆ. ಇನ್ನು ನಿದ್ದೆಯ ಮಾತಿಲ್ಲ. ನೀವು ಹೇಗಿದ್ದೀರಿ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಬೆಳಿಗ್ಗೆ ಎಂಟಕ್ಕೆ ಮೈದಾನದಲ್ಲಿ ನಮ್ಮ ಮಾದರಿ ವಿಮಾನ ಕ್ಲಬ್ಬಿನ ತಂಡದ ಆಯ್ಕೆ. ಹಾರಿಸದಿದ್ದರೆ ನನ್ನ ಜಾಗ ಖಜಾಂಚಿಯ ಅಳಿಯನಿಗೆ. ಬಾಣಂತನ ಮುಗಿದು ಮೊದಲ ಸಲ ನನ್ನ ವಿಮಾನದ ಧೂಳು ಒರೆಸಿದ್ದೇನೆ. ಆದರೆ ಎಲ್ಲರಿಗೂ ಇಂಧನ ಬೆರೆಸಿಕೊಡುವ ನಮ್ಮ ಎಣ್ಣೆ ತಾತ ನನಗೆ ಮಾತ್ರ ಕೊಡಲಿಲ್ಲ. “ಕೈಗೂಸು ಇರೋ ಮನೆಗೆ ವಿಷ ಕೊಡಲ್ಲಮ್ಮ. ತೊಟ್ಟಿಲು ತೂಗು, ನಿನ್ನ ವಿಮಾನ ಎಲ್ಲಿಗೂ ಹಾರಿಹೋಗಲ್ಲ.” ಹಾರಿಹೋಗದ ವಿಮಾನ ಕಟ್ಟಿಕೊಂಡು ನಾನೇನು ಮಾಡಲಿ ತಾತಾ, ಎಂದೆ. ಮನೆಗೆ ಬಂದು, ಮಗುವನ್ನು ಅತ್ತೆಯ ಕೈಗೆ ಕೊಟ್ಟು, ತಾರಸಿಯ ಗಾಳಿಯಲ್ಲಿ ಕೈಗವಸು ಹಾಕಿಕೊಂಡು ನಾನೇ ಬೆರೆಸಿದೆ: ನಾಲ್ಕು ಪಾಲು ಮೆಥನಾಲಿಗೆ ನಿಮ್ಮ ಸೀಸೆಯ ಹರಳೆಣ್ಣೆ ಒಂದು ಪಾಲು. ತಿಳಿಯಾಗಬೇಕಿದ್ದದ್ದು ಒಡೆದ ಹಾಲಿನಂತಾಯಿತು. ಸ್ವಲ್ಪ ಹೊತ್ತಿಗೆ ಎಣ್ಣೆ ಬೇರೆಯಾಗಿ ತಳ ಹಿಡಿಯಿತು. ಹರಳೆಣ್ಣೆ ಹಾಗೆ ಮಾಡುವುದಿಲ್ಲ, ಅಷ್ಟು ಕೆಮಿಸ್ಟ್ರಿ ನನಗೂ ಗೊತ್ತು. ಸೀಸೆ ಹಿಡಿದು ಅತ್ತೆಯನ್ನು ಕೇಳಿದರೆ, “ಮಗು ತಲೆಗೆ ಹಚ್ಚಿ ಹಚ್ಚಿ ಮುಗೀತು ಕಣೆ. ಅವನು ಬಂದು ಕೂಗಾಡ್ತಾನೆ ಅಂತ ಅಡುಗೆ ಎಣ್ಣೆ ತುಂಬಿಸಿಟ್ಟೆ. ಎಣ್ಣೆ ಎಣ್ಣೇನೇ ಅಲ್ವಾ?” ಎಂಜಿನ್ನಿಗೆ ಸಲ್ಲಬೇಕಾದದ್ದು ಮಗನ ನೆತ್ತಿಗೆ, ಬಾಣಲೆಗೆ ಸಲ್ಲಬೇಕಾದದ್ದು ಎಂಜಿನ್ನಿಗೆ! ನಗುವೂ ಬಂತು, ಅಳುವೂ ಬಂತು. ಮಗನ ಕೂದಲೇನೋ ಸೊಂಪಾಗಿದೆ. ಆದರೆ ಅದನ್ನು ಹಾಕಿ ಓಡಿಸಿದರೆ ನಾಲ್ಕು ಸುತ್ತಿನಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎಂಟರೊಳಗೆ ಯಾವ ಅಂಗಡಿಯೂ ತೆರೆಯುವುದಿಲ್ಲ. ಹಾಗಂತ ನಾನು ಹಿಂದೆ ಸರಿಯುವವಳಲ್ಲ. ಅತ್ತೆಯನ್ನು ಬೈಯಬೇಡಿ, “ಮಗು ನನಗಿರಲಿ, ನೀ ಹೋಗಿ ಹಾರಿಸು” ಎಂದವರೂ ಅವರೇ. ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಗನ ಮುತ್ತು ಬೇರೆ ಇದೆ, ಜೊಲ್ಲು ಸಮೇತ.

ನಿಮ್ಮ,
ಪುಟ್ಟನ ಅಮ್ಮ

ಮರೆತಿದ್ದೆ: ನಿಮ್ಮ ಟೂಲ್ ಪೆಟ್ಟಿಗೆಯಲ್ಲಿ ಸೀಲ್ ಒಡೆಯದ ಹರಳೆಣ್ಣೆ ಸೀಸೆ ಇದೆಯಲ್ಲ, ಅಲ್ಲಾಡಿಸಿದರೆ ಸದ್ದು ಕೇಳುತ್ತದೆ. ಪೆಟ್ಟಿಗೆಯ ಬೀಗ ಹಳೆಯ ನಂಬರಿಗೆ ತೆರೆದುಕೊಳ್ಳುತ್ತಿಲ್ಲ. ಯಾವಾಗ ಬದಲಾಯಿಸಿದಿರಿ? ತಾತ ಬೇರೆ, ನಾನು ಕ್ಲಬ್ಬಿನ ಮೆಟ್ಟಿಲಿಳಿಯುವಾಗ, “ನನ್ನನ್ಯಾಕಮ್ಮ ದಬಾಯಿಸ್ತೀಯ, ಕೊಡಬೇಡಿ ಅಂದಿದ್ದು ನಿನ್ನ ಗಂಡಾನೇ” ಎಂದರು. ನಂಬಲೋ ಬೇಡವೋ ತಿಳಿಯದೆ ಇಷ್ಟು ಹೊತ್ತು ಬರೆಯುತ್ತಾ ಕೂತಿದ್ದೇನೆ. ಹಡಗಿಗೆ ನಾನು ಫೋನ್ ಮಾಡುವಂತಿಲ್ಲ, ಈ ಮೇಲ್ ಒಂದೇ ದಾರಿ. ಏಳು ಗಂಟೆಗೆ ಆ ಬೀಗಕ್ಕೆ ಸುತ್ತಿಗೆ ಎತ್ತುವುದು ಖಂಡಿತ. ಆದರೆ ಆ ನಂಬರು ನಿಮ್ಮ ಬಾಯಿಂದಲೇ ಬರಬೇಕು ಕಣ್ರೀ, ಬಂದರೆ ಬೇರೇನೂ ಕೇಳುವುದಿಲ್ಲ. ಫೋನ್ ಸದ್ದಿಗೆ ಮಗು ಎದ್ದರೆ ಏಳಲಿ. ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.