ಕಾಂಡದ ಚುಕ್ಕೆ

ಬರೋಡಾ, 16–7–1963

ತಂಗಿ ಸುಗುಣಾ,

ಕಳೆದ ವರ್ಷ ಮರುಮುದ್ರಣವಾದ ಸಸ್ಯಶಾಸ್ತ್ರದ ಪುಸ್ತಕದಲ್ಲಿ, ನೀನು ಬರೆದ ಹೂವಿನ ನಕ್ಷೆಗಳಿಂದ ನಿನ್ನ ಸಹಿಯನ್ನು ಅಳಿಸಿಹಾಕಿದ್ದಾರೆ. ನೀನು ತೀರಿಕೊಂಡು ಆರು ವರ್ಷವಾಯಿತು; ಇನ್ನು ಕೇಳುವವರಿಲ್ಲ ಅಂದುಕೊಂಡಿರಬೇಕು.

ನನಗೆ ತಿಳಿದದ್ದು ಮೊನ್ನೆ ಭಾನುವಾರ. ಪಕ್ಕದ ಮನೆಯ ಅನಂತರಾಮರ ಮಗಳು ಮೀರಾ, ಇಲ್ಲೇ ಹುಟ್ಟಿ ಬೆಳೆದವಳು, ಪುಸ್ತಕ ಹಿಡಿದು ಬಂದಳು.

“ಕಾಕಾ, ಬಟಾಣಿ ಹೂವಿನ ದೊಡ್ಡ ದಳ ಕಾಂಡದ ಕಡೆಗಾ, ಆಚೆಗಾ? ನಾನು ಉಲ್ಟಾ ಬರೆದೆ, ಸರ್ ಝೀರೋ ಕೊಟ್ರು.”

“ಕಾಂಡದ ಕಡೆಗೇ ಕಣಮ್ಮ. ನಕ್ಷೆಯ ಮೇಲೆ ಒಂದು ಚುಕ್ಕೆ ಇರತ್ತಲ್ಲ, ಅದೇ ಕಾಂಡ.”

“ಎಲ್ಲಿದೆ? ನೀವೇ ತೋರಿಸಿ!”

ಇರಲಿಲ್ಲ. ನೀನು ಆ ಚುಕ್ಕೆಗೆ ತಗುಲಿದಂತೆ ‘ಸು’ ಎಂದು ಸಣ್ಣದಾಗಿ ಬರೆಯುತ್ತಿದ್ದೆ. ಸಹಿಯನ್ನು ಕೆರೆದವರು ಚುಕ್ಕೆಯನ್ನೂ ಕೆರೆದಿದ್ದಾರೆ. ಈಗ ಆ ಪುಸ್ತಕದ ನಲವತ್ತು ಹೂಗಳಲ್ಲಿ ಒಂದಕ್ಕೂ ಹಿಂದು ಮುಂದು ಇಲ್ಲ.

ನೀನು ಹಾಗೆ ಬರೆಯತೊಡಗಿದ್ದು ಯಾವಾಗ ಎಂಬುದು ನನಗೆ ನೆನಪಿದೆ. 1951ರಲ್ಲಿ ಪ್ರಕಾಶಕರು, “ಪುಸ್ತಕ ಬರೆದ ಪ್ರೊಫೆಸರರ ಹೆಸರೊಂದು ಸಾಕು, ಚಿತ್ರ ಬರೆದವರದ್ದು ಯಾಕೆ?” ಅಂದರು. ನೀನು ನನ್ನ ಮುಖ ನೋಡಿದೆ. ನಾನು ಕಾಫಿ ಕುಡಿಯುತ್ತಿದ್ದೆ.

ಇವತ್ತು ಪತ್ರಿಕೆಗೆ ಬರೆದಿದ್ದೇನೆ. ಉತ್ತರವೂ ಎಲ್ಲರೂ ಓದುವಂತೆ ಅಲ್ಲೇ ಅಚ್ಚಾಗಲಿ: ಈ ಹೂಗಳನ್ನು ಬರೆದ ಕೈ ಯಾರದು? ಅವಳ ಹೆಸರು ಬೇಡ ಎಂದವರು ಯಾರು? ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದವರು ಯಾರು?