ಸೆನೆಟ್ ಮುಂದೆ ನನ್ನ ಹೆಸರು

ಸೋಮವಾರ, ಫೆಬ್ರವರಿ 6

ಫಾರ್ಮು ಮತ್ತೆ ವಾಪಸು. ಮೂರನೇ ಸಲ. ಹದಿನೆಂಟು ತುಂಬಿದಾಗಿನಿಂದ ಇದ್ದ ಪ್ರತಿ ಮನೆಯ ವಿಳಾಸ ಬೇಕು, ಪ್ರತಿ ವಿಳಾಸಕ್ಕೂ ನನ್ನನ್ನು ಬಲ್ಲವರೊಬ್ಬರ ಹೆಸರು ಬೇಕು. ಕಾಲೇಜಿನ ದಿನಗಳ ಬಾಡಿಗೆ ಕೋಣೆಯ ಒಡತಿ ಸತ್ತು ಇಪ್ಪತ್ತು ವರ್ಷ. ಹಾಗಂತ ಬರೆದರೆ ಸಾಲದಂತೆ, ಬದುಕಿರುವವರು ಬೇಕಂತೆ. ವೆಂಡೆಲ್ ಪಕ್ಕದಲ್ಲೇ ಕೂತು ಸೇಬು ಹೆಚ್ಚುತ್ತಿದ್ದ. "ಮದುವೆಗೆ ಮುಂಚೆ ನಾನೂ ಇಷ್ಟು ವಿಚಾರಿಸ್ಬೇಕಿತ್ತು" ಅಂದ. ಮದುವೆಯಾಗಿ ಮೂವತ್ತೊಂದು ವರ್ಷವಾದ ಗಂಡ. ಅಷ್ಟು ಹೇಳೋ ಹಕ್ಕಿದೆ.

ಅಧ್ಯಕ್ಷರು ನನ್ನ ಹೆಸರು ಪ್ರಕಟಿಸಿ ಇವತ್ತಿಗೆ ತೊಂಬತ್ತೇಳು ದಿನ. ಗಣಿ ಕಟ್ಟೆಗಳ ಸುರಕ್ಷತಾ ಮಂಡಳಿ, ಮುಖ್ಯಸ್ಥೆ — ಒಡೆಸ್ಸಾ ಸ್ಟಿಲ್ಟ್ನರ್, ವೆಸ್ಟ್ ವರ್ಜೀನಿಯಾ. ಪಟ್ಟಿಯಲ್ಲಿ ಒಂದೇ ಸಾಲು. ಮೇಲೆ ಯಾವುದೋ ದೇಶಕ್ಕೆ ರಾಯಭಾರಿ, ಕೆಳಗೆ ಗ್ರಂಥಾಲಯಗಳ ಸಲಹಾ ಸಮಿತಿ. ಇನ್ನು ಸೆನೆಟ್ ಒಪ್ಪಬೇಕು. ಒಬ್ಬ ಸೆನೆಟರ್ ತಡೆ ಹಾಕಿ ಕೂತಿದ್ದಾನೆ. ನನ್ನ ಮೇಲಿನ ಸಿಟ್ಟಿಗಲ್ಲ, ಅವನ ರಾಜ್ಯದ ಯಾವುದೋ ಬಂದರಿನ ವಿಷಯಕ್ಕೆ. ನನ್ನ ಮುಖ ಕೂಡ ಅವನು ನೋಡಿಲ್ಲ.

ನಿಯಮದ ಪ್ರಕಾರ ಇದ್ದ ಕೆಲಸ ಬಿಟ್ಟಾಯಿತು. ಇಂಜಿನಿಯರಾಗಿ ಇಪ್ಪತ್ತಾರು ವರ್ಷ ಕಟ್ಟೆಗಳ ಮೇಲೆ ನಡೆದ ಕಾಲು. ಈಗ ಅಡುಗೆಮನೆಯಿಂದ ಗೇಟಿಗೆ, ಗೇಟಿಂದ ಅಡುಗೆಮನೆಗೆ.

ಶುಕ್ರವಾರ, ಫೆ. 10

ಕೋರ್ಟ್ನಿ ವೈಸ್ ಫೋನು. ವಾಷಿಂಗ್ಟನ್ನಿನಿಂದ ನನ್ನನ್ನು ಸೆನೆಟ್ಟಿಗೆ ತಯಾರು ಮಾಡುವ ವಕೀಲೆ. ಮೂವತ್ತೂ ಇರಲಿಕ್ಕಿಲ್ಲ. ತಡೆ ತೆಗೆದಿದ್ದಾರೆ, ಮಾರ್ಚ್ ಎರಡಕ್ಕೆ ಸಮಿತಿ ಮುಂದೆ ಹಾಜರಿ.

"ಅಲ್ಲೀವರೆಗೂ ಭಾಷಣ ಬೇಡ, ಲೇಖನ ಬೇಡ, ಯಾವುದಕ್ಕೂ ಸಹಿ ಬೇಡ. ನೀವು ಬೋರಾದಷ್ಟೂ ಒಳ್ಳೇದು, ಡಾಕ್ಟರ್."

ಅದು ನನಗೆ ಕಷ್ಟವಲ್ಲ ಅಂದೆ. ನಕ್ಕಳು.

ಬುಧವಾರ, ಫೆ. 15

ಅರ್ಲ್ ಲಿಲ್ಲಿ ಬಂದಿದ್ದ. ನಾಲ್ಕು ವರ್ಷದ ಮೇಲೆ. ಹಳೇ ಸಹೋದ್ಯೋಗಿ, ನನಗೆ ಕಟ್ಟೆ ನೋಡೋದು ಕಲಿಸಿದವನು. ಇಲಾಖೆಯಿಂದ ಅವನನ್ನು ಹೊರಹಾಕಿದ್ದರು, ಫೈಲಿನಲ್ಲಿ 'ಕುಡಿತ' ಅಂತ ಬರೆದು. ಕುಡೀತಿದ್ದದ್ದು ನಿಜ. ಈಗ ಬಿಟ್ಟಿದ್ದಾನೆ. ಡೋರ್ಸಿ ಹಾಲೋ ಅನ್ನುವ ಕಣಿವೆಯಲ್ಲಿ, ಕಲ್ಲಿದ್ದಲು ಕಂಪನಿಯ ಕಟ್ಟೆಯ ಕೆಳಗೇ ಮನೆ. ವಾರಕ್ಕೊಮ್ಮೆ ಕಟ್ಟೆ ಮೇಲಿನ ಅಳತೆ ತೆಗೆದುಕೊಡುವ ಕೆಲಸ.

ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ತಂದಿದ್ದ. ಮೇಜಿನ ಮೇಲೆ ಇಟ್ಟ. ಬೆಳಕಿಗೆ ಹಿಡಿದು ನೋಡಿದೆ — ಬಗ್ಗಡ.

"ಎಲ್ಲಿಂದು?"

"ಬುಡದಿಂದು. ಬಲಗಡೆ. ಕ್ರಿಸ್‌ಮಸ್ಸಿಗೆ ತಿಳಿಯಾಗಿತ್ತು."

ಕಟ್ಟೆಯ ಬುಡದಲ್ಲಿ ನೀರು ಒಸರೋದು ಹೊಸದಲ್ಲ. ತಿಳಿ ನೀರು ಬಂದರೆ ನಿದ್ದೆ ಮಾಡಬಹುದು. ಬಗ್ಗಡ ಬಂದರೆ ಕಟ್ಟೆ ಒಳಗಿಂದ ಮಣ್ಣು ಕಳಕೊಳ್ಳುತ್ತಿದೆ ಅಂತ ಅರ್ಥ. ಅದರ ಹಿಂದೆ ನಲವತ್ತು ವರ್ಷ ಕಲ್ಲಿದ್ದಲು ತೊಳೆದ ಕಪ್ಪು ಕೆಸರು ನಿಂತಿದೆ.

ಕಂಪನಿಯ ಮ್ಯಾನೇಜರು ಅಳತೆಯ ಸಾಧನ ಕೆಟ್ಟಿದೆ ಅಂದನಂತೆ. ಮೇಲಿನವರಿಗೆ ಬರೆದ ಎರಡು ಕಾಗದಕ್ಕೆ ಉತ್ತರವಿಲ್ಲ. "ನನ್ನ ಮಾತು ಯಾರು ಕೇಳ್ತಾರೆ ಡೆಸ್ಸಾ, ಕುಡುಕ ನಾನು. ನೀನು ಒಂದ್ಸಲ ಬಂದು ನೋಡು. ನೋಡಿ, ಇದಕ್ಕೆ ಸಹಿ ಹಾಕು. ಅಧ್ಯಕ್ಷರೇ ಆರಿಸಿದೋಳು ಹೇಳ್ತಿದಾಳೆ ಅಂದ್ರೆ ಪೇಪರಿನೋರು ಬರ್ತಾರೆ. ಕಂಪನಿಯೋರು ನೀರು ಇಳಿಸ್ಲೇಬೇಕಾಗುತ್ತೆ."

ಒಂದು ಪುಟದ ಕಾಗದ. ಅವನದೇ ಕೈಬರಹ, ಒಂದು ಚಿತ್ತೂ ಇಲ್ಲ.

ಎರಡು ದಿನ ಕೊಡು ಅಂದೆ. ವೆಂಡೆಲ್ ಬೀನ್ಸು, ಮೆಕ್ಕೆಜೋಳದ ರೊಟ್ಟಿ ಬಡಿಸಿದ. ಅರ್ಲ್ ಎರಡು ಸಲ ಹಾಕಿಸಿಕೊಂಡು, ಕಾಗದ ಇಲ್ಲೇ ಬಿಟ್ಟು ಹೊರಟ.

ಗುರುವಾರ, ಫೆ. 16

ಕೋರ್ಟ್ನಿಗೆ ಎಲ್ಲ ಹೇಳಿದೆ.

"ಸಹಿ ಹಾಕ್ಬೇಡಿ ಅಂತ ನಾನು ಹೇಳೋದಿಲ್ಲ. ಹಾಕಿದ್ರೆ ಏನಾಗುತ್ತೆ ಹೇಳ್ತೀನಿ. ಕಂಪನಿ ಒಂದು ಗಂಟೆಯಲ್ಲಿ ನಾಲ್ಕು ಸೆನೆಟರ್‌ಗಳಿಗೆ ಫೋನ್ ಮಾಡುತ್ತೆ. ಕುರ್ಚಿಗೆ ಮುಂಚೇನೇ ತೀರ್ಪು ಕೊಟ್ಟೋಳು ಅಂತಾರೆ. ನಿಮ್ಮ ಹೆಸರು ವಾಪಸು ಬರುತ್ತೆ. ಆಮೇಲೆ ಆ ಜಾಗಕ್ಕೆ ಯಾರು ಬರ್ತಾರೆ, ನಿಮಗೇ ಗೊತ್ತು."

ಗೊತ್ತು. ಕಂಪನಿಗಳ ಕಡೆಯವನು ಒಬ್ಬ ತುದಿಗಾಲಲ್ಲಿ ನಿಂತಿದ್ದಾನೆ.

"ಸುಮ್ಮನಿದ್ರೆ ಐದಾರು ವಾರ. ಆಮೇಲೆ ನೀವೇ ಆದೇಶ ಕೊಡಬಹುದು. ಆ ಒಂದು ಕಟ್ಟೆಗಲ್ಲ, ಎಲ್ಲಾದಕ್ಕೂ."

ಲೆಕ್ಕ ಸರಿಯಾಗಿದೆ. ಇಪ್ಪತ್ತಾರು ವರ್ಷ ವರದಿ ಬರೆದೆ, ಯಾರ ಯಾರದೋ ಕಪಾಟಿನಲ್ಲಿ ಕೊಳೆಯಿತು. ಈಗ ಮೊದಲ ಸಲ… ಕುರ್ಚಿ ಬೇಕು ನನಗೆ. ಈ ಪುಸ್ತಕದಲ್ಲಾದರೂ ನಿಜ ಬರೆಯುತ್ತೇನೆ. ಬೇಕು.

ಶುಕ್ರವಾರ, ಫೆ. 17

ಅರ್ಲ್‌ಗೆ ಫೋನು ಮಾಡಿದೆ. ಏಪ್ರಿಲ್‌ವರೆಗೆ ತಡಿ ಅಂದೆ.

"ಕಟ್ಟೆಗೆ ಹೇಳ್ತೀಯಾ, ನಾನೇ ಹೇಳ್ಲಾ?"

ಐದಾರು ವಾರ ಅಷ್ಟೇ ಅಂದೆ. "ಆಗ್ಲಿ ತಾಯಿ. ದೊಡ್ಡೋಳಾಗು" ಅಂದು ಇಟ್ಟುಬಿಟ್ಟ.

ಸೋಮವಾರ, ಫೆ. 27. ವಾಷಿಂಗ್ಟನ್

ತಾಲೀಮು. ಕಿಟಕಿಯಿಲ್ಲದ ಕೋಣೆ. ಆರು ಜನ ಸೆನೆಟರ್‌ಗಳ ವೇಷ ಹಾಕಿ ನನ್ನ ಮೇಲೆ ಕಿರುಚಿದರು. ಎಲ್ಲಾ ಕಷ್ಟದ ಪ್ರಶ್ನೆಗೂ ಒಂದೇ ಉತ್ತರ ಕಲಿಸಿದ್ದಾರೆ — 'ಸದನ ಒಪ್ಪಿದರೆ ಅದನ್ನು ಪರಿಶೀಲಿಸುತ್ತೇನೆ.' ಮಧ್ಯಾಹ್ನದ ಹೊತ್ತಿಗೆ ಬಾಯಿಗೆ ಕೂತುಬಿಟ್ಟಿತು. ಹೋಟೆಲಿನವಳು ಕಾಫಿಗೆ ಹಾಲು ಬೇಕಾ ಅಂದಾಗಲೂ ನಾಲಿಗೆ ತುದಿಗೆ ಬಂತು.

ಗುರುವಾರ, ಮಾರ್ಚ್ 2

ಮುಗಿಯಿತು. ಒಂದೂವರೆ ಗಂಟೆ. ವೆಂಡೆಲ್ ನನ್ನ ಹಿಂದಿನ ಸಾಲಿನಲ್ಲಿ, ನೀಲಿ ಕೋಟು. ಎಲ್ಲರೂ ನಯವಾಗಿದ್ದರು. ನನ್ನ ತಂದೆ ಗಣಿಯಲ್ಲಿ ದುಡಿದದ್ದು ಹೇಳಿಸಿದರು, ತಲೆಯಾಡಿಸಿದರು.

ಕೊನೆಯಲ್ಲಿ ನಮ್ಮ ರಾಜ್ಯದ ಸೆನೆಟರ್. ವಯಸ್ಸಾದವರು. ಮುಂದಿದ್ದ ಹಾಳೆ ಬದಿಗಿಟ್ಟರು. ಆಮೇಲೆ ಕೇಳಿದ್ದು ಅವರ ಪಟ್ಟಿಯಲ್ಲಿದ್ದ ಪ್ರಶ್ನೆ ಅಲ್ಲ ಅಂತ ಈಗ ಅನ್ನಿಸುತ್ತದೆ.

"ಡಾಕ್ಟರ್ ಸ್ಟಿಲ್ಟ್ನರ್, ನಮ್ಮೂರೋರೇ ನೀವು. ನೇರವಾಗಿ ಕೇಳ್ತೀನಿ. ನಮ್ಮ ರಾಜ್ಯದಲ್ಲಿ, ಇವತ್ತಿನ ದಿನ, ನಿಮಗೆ ಭಯ ಹುಟ್ಟಿಸೋ ಕಟ್ಟೆ ಯಾವುದಾದ್ರೂ ಇದ್ಯಾ?"

ಎದುರಿಗೆ ಮಾತಿನ ಸಮಯ ತೋರಿಸುವ ಹಸಿರು ದೀಪ. ಮೈಕು. ಬಲಗಡೆ ಗೋಡೆಗೆ ಒರಗಿ ಕೋರ್ಟ್ನಿ.

"ಸೆನೆಟರ್, ಒಂದೊಂದೇ ಕಟ್ಟೆ ಬಗ್ಗೆ ಈಗ ಮಾತಾಡೋದು ಸರಿಯಾಗಲ್ಲ. ಸದನ ಒಪ್ಪಿದರೆ ಎಲ್ಲವನ್ನೂ ಪರಿಶೀಲಿಸುತ್ತೇನೆ."

"ಹಾಗಾದ್ರೆ ನಿದ್ದೆ ಮಾಡಬಹುದು ಅನ್ನಿ" ಅಂದರು. ಜನ ನಕ್ಕರು. ನಾನೂ ನಕ್ಕೆ.

ಹೊರಗೆ ಕೋರ್ಟ್ನಿ ಅಪ್ಪಿಕೊಂಡಳು.

ಶುಕ್ರವಾರ, ಮಾರ್ಚ್ 3

ಕಾರಿನಲ್ಲಿ ವಾಪಸು, ಆರು ಗಂಟೆ ದಾರಿ. ವೆಂಡೆಲ್ ರೇಡಿಯೋ ಹಾಕಲಿಲ್ಲ. ಗಡಿ ದಾಟಿದ ಮೇಲೆ ಕೇಳಿದ —

"ಅವರು ಕೇಳಿದ್ದಕ್ಕೆ ಉತ್ತರ ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."



ಗುರುವಾರ, ಮಾರ್ಚ್ 9

ಸಮಿತಿ ಒಪ್ಪಿತು. ಇನ್ನು ಪೂರ್ತಿ ಸದನದ ವೋಟು. ಅರ್ಲ್ ಫೋನು ಎತ್ತುತ್ತಿಲ್ಲ.

ಸೋಮವಾರ, ಮಾರ್ಚ್ 20

ಮಳೆ.

ಶುಕ್ರವಾರ, ಮಾರ್ಚ್ 24

ಬರೆಯಬೇಕು. ನಿನ್ನೆ ಬೆಳಿಗ್ಗೆ ಎಂಟೂ ಹತ್ತಕ್ಕೆ ಡೋರ್ಸಿ ಕಟ್ಟೆ ಒಡೆಯಿತು. ಬಲಗಡೆ, ಬುಡದಿಂದ.

ಆರು ಗಂಟೆಗೇ ಅರ್ಲ್‌ಗೆ ಗೊತ್ತಾಗಿತ್ತಂತೆ, ಒಸರುತ್ತಿದ್ದದ್ದು ಹರಿಯುತ್ತಿತ್ತು. ಹಾಲೋದ ಮನೆಮನೆ ಬಾಗಿಲು ಬಡಿದಿದ್ದಾನೆ. ಬಹಳ ಜನ ಎದ್ದು ಓಡಿದರು. ಕೆಲವರು ನಂಬಲಿಲ್ಲ — ಮತ್ತೆ ಕುಡಿದಿದ್ದಾನೆ ಅಂದುಕೊಂಡರು.

ಸತ್ತದ್ದು ಏಳು ಜನ. ಬಾನಿ ಬ್ರ್ಯಾಗ್ ಅದರಲ್ಲಿ ಒಬ್ಬಳು, ಸ್ಕೂಲ್ ಬಸ್ ಓಡಿಸುತ್ತಿದ್ದಳು. ಅರ್ಲ್ ಬಡಿದಾಗ ಅವಳು ಮನೆಯಲ್ಲಿರಲಿಲ್ಲ. ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು ಬಂದು, ಹತ್ತು ನಿಮಿಷ ಮಲಗೋಣ ಅಂತ ಒಳಗೆ ಹೋದಳಂತೆ.

ಟಿವಿಯಲ್ಲಿ ಹಾಲೋ ಇಲ್ಲ. ಕಪ್ಪು. ಚರ್ಚಿನ ಗೋಪುರ ಮಾತ್ರ, ಓರೆಯಾಗಿ.

ಭಾನುವಾರ, ಮಾರ್ಚ್ 26

ವೆಂಡೆಲ್ ಅಲ್ಲಿಗೆ ಹೋಗಿ ಸಲಿಕೆ ಹಿಡಿದಿದ್ದಾನೆ. ನೀನೂ ಬಾ ಅನ್ನಲಿಲ್ಲ.

ಮಂಗಳವಾರ, ಏಪ್ರಿಲ್ 4

ಸದನ ಒಪ್ಪಿತು. ಎಪ್ಪತ್ತೆರಡು ವೋಟು ಪರ, ಇಪ್ಪತ್ತೈದು ವಿರೋಧ. ಸರದಿ ತಪ್ಪಿಸಿ ನನ್ನ ಹೆಸರನ್ನು ಮುಂದಕ್ಕೆ ತಂದರಂತೆ. ದುರಂತದ ಈ ಹೊತ್ತಿನಲ್ಲಿ ಇಂಥ ಅನುಭವಸ್ಥರು ಬೇಕು ಅಂತ ಒಬ್ಬರ ಮೇಲೊಬ್ಬರು ಎದ್ದು ಹೇಳಿದರು. ನಮ್ಮ ಸೆನೆಟರ್ ಬರೀ ವೋಟು ಹಾಕಿ ಕೂತರು.

ಏಳು ಜನ ಸತ್ತದ್ದರಿಂದ ನನ್ನ ಕೆಲಸ ಬೇಗ ಆಯಿತು.

ಗುರುವಾರ, ಏಪ್ರಿಲ್ 6

ಕೋರ್ಟ್ನಿ. ಸೋಮವಾರ ಪ್ರಮಾಣವಚನ, ಬೈಬಲ್ಲು ಮನೆಯದೇ ತರ್ತೀರಾ ಅಂತ ಕೇಳಿದಳು. ಬರೋದಿಲ್ಲ, ಆ ಕೆಲಸ ಬೇಡ ಅಂದೆ. ರಾಜ್ಯದ ವಿಚಾರಣೆ ನಡೆಯುತ್ತಲ್ಲ, ಅಲ್ಲಿ ಅರ್ಲ್ ತಂದ ಕಾಗದ ಕೊಡ್ತೀನಿ, ಯಾವ ದಿನ ತಂದ, ಏನು ಹೇಳಿದ, ನಾನೇನು ಹೇಳಿದೆ — ಎಲ್ಲ.

"ನಮ್ಮ ಫೋನ್ ಮಾತು?"

"ಅದೂ. ನೀನು ತಪ್ಪು ಹೇಳಿದೆ ಅಂತಲ್ಲ. ಒಪ್ಪಿದ್ದು ನಾನು."

ಅವಳ ಧ್ವನಿ ಸಣ್ಣದಾಯಿತು. "ಡಾಕ್ಟರ್, ಇದನ್ನ ಯಾರೂ ನಿಮ್ಮನ್ನ ಕೇಳೇ ಇಲ್ಲ. ನೀವಾಗಿ ಯಾಕೆ ಹೇಳ್ತೀರಿ?"

"ಕೇಳಿದ್ರಮ್ಮ. ಮಾರ್ಚ್ ಎರಡಕ್ಕೆ ಕೇಳಿದ್ರು."

ಅಳುತ್ತಿದ್ದಳು ಅನ್ನಿಸುತ್ತದೆ. ಮಗುವಿನಂಥ ಹುಡುಗಿ.

ಆ ಜಾಗಕ್ಕೆ ಇನ್ನು ಅವನೇ ಬರುತ್ತಾನೆ, ಕಂಪನಿಗಳ ಕಡೆಯವನು. ಅದೂ ನನ್ನ ತಲೆಗೇ.

ಸೋಮವಾರ, ಏಪ್ರಿಲ್ 10

ಅರ್ಲ್‌ನನ್ನು ನೋಡಿದೆ. ಶಾಲೆಯ ಊಟದ ಮನೆಯಲ್ಲಿ ಬೂಟು, ಕಂಬಳಿ ಹಂಚುತ್ತಿದ್ದ. ಉಗುರಿನಲ್ಲಿ ಇನ್ನೂ ಕಪ್ಪು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಯಾಕೆ ಬಂದೆ? ತಪ್ಪೊಪ್ಪಿಗೆ ಕೇಳೋಕೆ ನಾನು ಪಾದ್ರಿ ಅಲ್ಲ."

"ಸಾಕ್ಷಿ ಹೇಳ್ತಿದೀನಿ. ನಿನ್ನ ಹೆಸರು ಬರುತ್ತೆ. ಹೇಳಿ ಹೋಗೋಣ ಅಂತ."

"ಬರ್ಲಿ."

ನಿಂತೇ ಇದ್ದೆ. ಒಬ್ಬಳು ಮುದುಕಿ ಅಳತೆ ನೋಡಿ ಬೂಟು ತಗೊಂಡು ಹೋದಳು. ಆಮೇಲೆ ಅವನೇ ಅಂದ, ನನ್ನ ಕಡೆ ನೋಡದೆ —

"ಪಿಟ್ಸ್‌ಬರ್ಗ್‌ನಲ್ಲಿ ಇನ್ನೊಬ್ಬ ಇಂಜಿನಿಯರ್ ಇದ್ದ. ಅವನ ಹತ್ರ ಹೋಗ್ಬೋದಿತ್ತು ನಾನು. ಹೋಗ್ಲಿಲ್ಲ. ಡೆಸ್ಸಾ ಮನಸ್ಸು ಬದಲಾಯಿಸ್ತಾಳೆ, ನನಗೆ ಗೊತ್ತು ಅವಳು, ಅಂತ ಕಾದೆ. ಐದು ವಾರ ಕಾದೆ."

ನಾನು ಅವನ ತೋಳು ಮುಟ್ಟಲು ಹೋದೆ. ಸರಿದುಕೊಂಡ.

"ಬೂಟು ಬೇಕಾ? ಇಲ್ಲಾಂದ್ರೆ ದಾರಿ ಬಿಡು. ಹಿಂದೆ ಜನ ನಿಂತಿದಾರೆ."

ಮಂಗಳವಾರ, ಮೇ 9. ಬೆಳಿಗ್ಗೆ 9:40

ಹೈಸ್ಕೂಲಿನ ಆಟದ ಹಾಲು. ವಿಚಾರಣೆ ಇಲ್ಲೇ. ಮಡಚೋ ಕುರ್ಚಿಗಳು, ಸಾಲದೆ ಜನ ಗೋಡೆಗೆ ಒರಗಿದ್ದಾರೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ನನ್ನ ಸರದಿ ಬರುವವರೆಗೆ. ವೆಂಡೆಲ್ ಪಕ್ಕದಲ್ಲಿ. ಬೆಳಿಗ್ಗೆ ಕಾರು ಅವನೇ ಹೊರತೆಗೆದ, ಕೇಳದೆ.

ಎರಡು ಸಾಲು ಮುಂದೆ ಬಾನಿ ಬ್ರ್ಯಾಗ್‌ಳ ಮಗ, ಕರ್ಬಿ. ನಲವತ್ತರ ಆಸುಪಾಸು. ತಿರುಗಿ ನನ್ನನ್ನೇ ನೋಡಿದ. ಟಿವಿಯಲ್ಲಿ ನೋಡಿರಬೇಕು. ಎದ್ದು ಬಂದು ಕೈ ಚಾಚಿದ. "ವಾಷಿಂಗ್ಟನ್ ಮಂಡಳಿಗೆ ಆರಿಸಿದ್ದು ನಿಮ್ಮನ್ನೇ ಅಲ್ವಾ ಮೇಡಮ್? ನಮ್ಮಮ್ಮನ ವಿಷಯ ನೀವೇ ನೋಡ್ಬೇಕು."

ಕೈ ಹಿಡಿದಿದ್ದ. ಬಿಡಿಸಿಕೊಳ್ಳಲಾಗಲಿಲ್ಲ. ಮಂಡಳಿಯವಳಲ್ಲ ಅಂದೆ. ಮತ್ಯಾಕೆ ಬಂದ್ರಿ ಅಂದ. ಕೂತ್ಕೋ ಅಪ್ಪ, ಹೇಳ್ತೀನಿ ಅಂದೆ. ಇಲ್ಲೇ, ಪಕ್ಕದಲ್ಲಿ, ಕೂತಿದ್ದಾನೆ. ಕಾಯುತ್ತಿದ್ದಾನೆ. ಅಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ, ಇವನಿಗೆ ಮೊದಲು ಹೇಳಬೇಕು.